ಸೀತನಿ ದಂಟಿನ ಹಡಗು

ಹಡಗು ಮುರದಿದ್ದು ನಮ್ಮನಿಯವರ ಕೈ ನಡುಗಿ ಅಲ್ಲ. ಒಳಗ ಹುಳ ತಿಂದಿದ್ವು. ಆಗಿದ್ದು ಅಷ್ಟ. ವಾಡಿಯಿಂದ ಚಿಂಚೋಳಿ ತನಕ ಗುರ್ತಿನವರೆಲ್ಲ, ಪಾಪ ಮುದುಕನ ಕೈ ಬಿದ್ದು ಹೋಯ್ತು ಅಂತ ಮಾತಾಡಿದ್ರು. ಮಾತಾಡ್ಲಿ, ಬಾಯಿ ಅವರದು. ಆದ್ರ ಅವತ್ತ ಕಸಬರಗಿ ಹಿಡದು ಆ ಪುಡಿ ಬಳದವಳು ನಾನು. ಕೆಳಗ ಏನು ಬಿದ್ದಿತ್ತು ಅಂತ ನನಗ ಗೊತ್ತು.

ನಾ ನಾಕನೇತ್ತ ತನಕ ಸಾಲಿ ಕಲ್ತೀನಿ. ಬರದಿದ್ದು ಸೊಟ್ಟ ಇದ್ರ ಸೊಟ್ಟೇ ಓದ್ಕೋರಿ.

ನಮ್ಮನಿಯವರು ವಾಡಿ ಸ್ಟೇಷನ್ನಿನ್ಯಾಗ ರೈಲು ಡಬ್ಬಿ ರಿಪೇರಿ ಮಾಡೋ ಕೆಲಸದಾಗ ಇದ್ರು. ರಿಟೈರ್ ಆದ ಮ್ಯಾಲ ಎಲ್ಲಾ ಗಂಡಸರು ಮಾಡೋದೇ ಮಾಡಿದ್ರು. ಮುಂಜಾನಿ ಪೇಪರು, ಮಧ್ಯಾಹ್ನ ನಿದ್ದಿ, ಸಂಜಿಗೆ ನನ್ನ ಅಡಗಿ ಮ್ಯಾಲ ಭಾಷಣ. ಹಿಂಗಿದ್ದಾಗ ಒಂದಿನ ಮೊಮ್ಮಗಳಿಗೆ ಅಂತ ಜ್ವಾಳದ ದಂಟಿನ ಬಂಡಿ ಮಾಡಿಕೊಟ್ರು. ನಮ್ಮ ಕಡಿ ಸಣ್ಣವರಿದ್ದಾಗ ಎಲ್ಲಾರೂ ಮಾಡ್ತಿದ್ವಿ. ದಂಟಿನ ಮ್ಯಾಲಿನ ಸಿಪ್ಪಿ ಸುಲದ್ರ ಒಳಗ ಬೆಳ್ಳನ ಬೆಂಡು ಇರ್ತದ. ಬೆಂಡು ತುಂಡು ಮಾಡಿ, ಸಿಪ್ಪಿ ಸೀಳಿ ಚುಚ್ಚಿದ್ರ ಗಾಲಿ, ನೊಗ, ಎತ್ತು ಎಲ್ಲಾ ಆಗ್ತಾವ. ಮೊಮ್ಮಗಳು ಬಂಡಿ ಒಂದಿನ ಆಡಿ ಬಿಟ್ಟಳು. ಇವರು ಬಿಡ್ಲಿಲ್ಲ.

ಬಂಡಿ ಆದ ಮ್ಯಾಲ ಹಡಗಿಗೆ ಗಂಟು ಬಿದ್ರು. ಹಡಗು ನಾವು ಒಂದೇ ಸಲ ನೋಡಿದ್ದು, ರೈಲ್ವೆ ಪಾಸಿನ ಮ್ಯಾಲ ಮುಂಬೈಗಿ ಹೋದಾಗ. ನನಗ ಅಲ್ಲಿ ಮೀನಿನ ವಾಸನಿ ತಡಿಲಾರದ ತಲಿ ಹಿಡದಿತ್ತು. ಚೀಲದ ಮ್ಯಾಲ ಕುಂತು ಊರಿಗೆ ಹೋಗೋಣ ನಡ್ರಿ ಅಂತಿದ್ದೆ. ಇವರು ದಂಡಿಗೆ ನಿಂತು ಹಡಗು ನೋಡೇ ನೋಡಿದ್ರು. ಈಗ ಫೋನಿನ್ಯಾಗ ಬ್ಯಾರೆ ಬ್ಯಾರೆ ದೇಶದ ಮುದುಕರು ಸಣ್ಣ ಹಡಗು ಕಟ್ಟೋದು ಸಿಗ್ತದಲ್ಲ, ಅದನ್ನ ನೋಡಿ ನೋಡಿ ಕಲ್ತರು. ಒಂದು ಫೂಟಿಗೆ ಒಂದು ಸೂತ, ಇದು ಅವರ ಲೆಕ್ಕ. ಖರೇ ಹಡಗಿನ್ಯಾಗ ಒಂದು ಫೂಟು ಇದ್ದದ್ದು ಇವರ ಹಡಗಿನ್ಯಾಗ ಒಂದು ಸೂತ ಇರಬೇಕು. ಬಡಿಗ್ಯಾರ ಪಟ್ಟಿ ಮ್ಯಾಲ ಇಂಚಿನ ಒಳಗ ಸಣ್ಣ ಗೀಟು ಇರ್ತಾವಲ್ಲ, ಅದೇ ಸೂತ. ಬಾಗಲಾ ಇಷ್ಟು ಸೂತ, ಕಂಬ ಇಷ್ಟು ಸೂತ. ಉಣ್ಲಿಕ್ಕೆ ಕರದ್ರ, "ಜರಾ ತಡಿ, ಅರ್ಧ ಸೂತ ತಪ್ಪೇದ" ಅಂತಿದ್ರು. ರೊಟ್ಟಿ ಆರಿ ಹಪ್ಪಳ ಆಗ್ತಿದ್ವು.

ಹಿಂತಾ ಕೆಲಸಕ್ಕ ಜೋಡಿ ಸಿಗಂಗಿಲ್ಲ ಅಂದ್ಕೊಂಡಿದ್ದೆ. ಸಿಕ್ಕರು. ಶಹಾಬಾದ ಹತ್ತಿರ ಭಂಕೂರದಾಗ ಒಬ್ಬರು ನೆಲಕ್ಕ ಹಾಸೋ ಫರ್ಸಿ ಕಲ್ಲು ಪಾಲಿಶ್ ಮಾಡೋರು, ಅವರೂ ದೋಣಿ ಕಟ್ತಿದ್ರು. ಚಿತ್ತಾಪುರದಾಗ ಒಬ್ಬ ಟೇಲರ್, ಹಡಗಿನ ಹಾಯಿ ಹೊಲ್ಯಾವ. ಚಿಂಚೋಳಿ ಮಗ್ಗಲು ಚಂದಾಪುರದಾಗ ಒಬ್ಬರು ರಿಟೈರ್ ಆದ ಮಾಸ್ತರ್ರು. ಅವರು ಹಡಗಿನ ತಂಟಿಗೆ ಹೋಗಂಗಿಲ್ಲ, ಗಾಳಿ ಗಿರಣಿ ಅಷ್ಟ ಮಾಡ್ತಾರ. ಯಾವುದೋ ದೇಶದಾಗ ಗಾಳಿಗೆ ರೆಕ್ಕಿ ತಿರಗಿ ಒಳಗ ಗೋದಿ ಬೀಸ್ತಾವಂತ. ಒಳಗಿನ ಹಲ್ಲಿನ ಗಾಲಿ, ಬೀಸುಕಲ್ಲು ಸುದ್ದಾ ಬಿಡದಂಗ ಮಾಡ್ತಾರ. ಬೀಸುಕಲ್ಲು ಅಂದ್ರ ಅಂಗಿ ಗುಂಡಿಯಷ್ಟು. ಅದೂ ಫರ್ಸಿ ಕಲ್ಲೇ, ಭಂಕೂರದವರು ತಿಕ್ಕಿ ಕೊಟ್ಟಿದ್ದು.

ಅಮಾಸಿ ದಿನ ಇವರೆಲ್ಲ ಕೂಡ್ತಿದ್ರು. ಅಮಾಸಿಗೆ ಭಂಕೂರದವರ ಕಲ್ಲಿನ ಮಷೀನು ಬಂದ್ ಇರ್ತಿತ್ತು, ಅದಕ್ಕ. ನಮ್ಮ ಮನಿ ಪಾಳಿ ಬಂದಾಗ ಚಹಾ ಮಾಡಿ ಮಾಡಿ ನನಗ ಸಾಕಾಗ್ತಿತ್ತು. ಒಂದ್ಸಲ ಮಾಸ್ತರ್ರು ಗಿರಣಿ ತಂದು ಟೇಬಲ್ ಮ್ಯಾಲ ಇಟ್ಟಾಗ ನಾ ಕೇಳಿದೆ:

"ಮಾಸ್ತರ್ರ, ಇದು ಬೀಸ್ತದೇನ್ರಿ?"

"ಬೀಸಂಗಿಲ್ಲ ವೈನಿ."

"ಮತ್ತ ಯಾಕ್ರಿ?"

ಮಾಸ್ತರ್ರು ರೆಕ್ಕಿಗೆ ಬೆರಳು ಹಚ್ಚಿ ತಿರಗಿಸಿದ್ರು. ಟೇಲರ್ ನಡುವ ಬಾಯಿ ಹಾಕಿದ. "ಹಿಟ್ಟಿನ ಗಿರಣ್ಯಾಗ ಪಾಳಿ ಹಚ್ಚಬೇಕಲ್ರಿ ವೈನಿ, ಅದಕ್ಕ ಮನ್ಯಾಗೇ ಒಂದು ಕಟ್ಯಾರ. ಇನ್ನ ಹಿಟ್ಟು ಬರೋದು ಅಷ್ಟ ಬಾಕಿ."

"ನಿನ್ನ ಹಾಯಿಗೆ ಗಾಳಿ ಬಂದಾಗ ನನ್ನ ಗಿರಣಿಗೆ ಹಿಟ್ಟು ಬರ್ತದ, ಸುಮ್ನ ಕೂಡು" ಅಂದ್ರು ಮಾಸ್ತರ್ರು.

ಹಿಂಗ ನಗ್ತಿದ್ರು. ಅವರನ್ನ ನೋಡಿ ನಮ್ಮನಿಯವರೂ ಒಂದು ಗಿರಣಿ ಮಾಡಿದ್ರು, ಪುಟ್ಟದು. ಅದು ಕೈ ಛಲೋ ಇದ್ದಾಗಿನದು.

ಕೈ ನಡುಗೋದು ಮೊದಲು ಚಹಾದ ಬಸಿಯಾಗ ಗೊತ್ತಾಯ್ತು. ಕಪ್ಪು ಬಸಿ ಕಟಕಟ ಅಂತಿದ್ವು. ವಯಸ್ಸಾಯ್ತು ಅಂತ ನಾ ಸ್ಟೀಲಿನ ಗ್ಲಾಸಿನ್ಯಾಗ ಅರ್ಧ ಅರ್ಧ ಕೊಡ್ಲಿಕತ್ತೆ. ಆಮ್ಯಾಲ ಅಂಗಿ ಗುಂಡಿ ಹಾಕ್ಲಿಕ್ಕೆ ಬರದಂಗಾಯ್ತು. ಕಲಬುರಗಿಗೆ ಹೋಗಿ ತೋರ್ಸಿದ್ವಿ. ಡಾಕ್ಟರ್ ಮೋತಿ ನೋಡದನೇ ಹೇಳಿದ. "ಗುಳಿಗಿ ಕೊಡ್ತೀನಿ. ನಡುಕ ಹೋಗಂಗಿಲ್ಲ, ಹೆಚ್ಚಾಗೋದು ಜರಾ ನಿಧಾನ ಆಗ್ತದ." ಬಸ್ ಸ್ಟ್ಯಾಂಡಿನ್ಯಾಗ ಬೆಂಚಿನ ಮ್ಯಾಲ ಕುಂತಾಗ ಇವರು ತಮ್ಮ ಕೈ ತಾವೇ ನೋಡ್ಕೋತ ಅಂದ್ರು:

"ಇನ್ನೊಂದು ಹಡಗು ಆಗ್ತದ ನೋಡ. ಅದರ ಮ್ಯಾಲ ಆಗಂಗಿಲ್ಲ."

"ಆಗದಿದ್ರ ಬಿಡ್ರಿ" ಅಂದೆ.

"ದೊಡ್ಡದು ಮಾಡ್ತೀನಿ. ಮೂರು ಕಂಬದ್ದು."

ನಾ ಬಾಳಿಹಣ್ಣು ಸುಲದು ಕೊಟ್ಟೆ. ತಿಂದ್ರು.

ದಂಟಿನ ಕೆಲಸಕ್ಕ ಒಂದು ಪದ್ಧತಿ ಅದ. ರಾಶಿ ಆದ ಮ್ಯಾಲಿನ ಕಣಿಕಿ, ಅಂದ್ರ ಒಣಗಿದ ದಂಟು ಬೇಕು. ತೆನಿ ಬಲ್ತು, ದಂಟು ನಿಂತಲ್ಲೇ ಒಣಗಿ, ಆಮ್ಯಾಲ ಬಣಿವ್ಯಾಗ ಒಂದು ಬ್ಯಾಸಗಿ ಬಿಸಲು ಉಂಡಿರಬೇಕು. ಹಂತಾ ದಂಟಿಗೆ ಹುಳ ಸುದ್ದಾ ಹತ್ತಂಗಿಲ್ಲ, ಎಮ್ಮಿ ತಿಂದ್ರ ಅಷ್ಟ ಖಾಲಿ ಆಗೋದು. ಆದ್ರ ಹಳೀ ಕಣಿಕಿ ಬೆಂಡು ಬಿರುಸು ಇರ್ತದ, ಬ್ಲೇಡು ಗಟ್ಟಿ ಹಿಡದು ಕೊಯ್ಬೇಕು. ಇವರ ಕೈಯಾಗ ಬ್ಲೇಡು ಜಾರಿ ಜಾರಿ ಬೆರಳು ಕೊಯ್ಕೋತಿದ್ರು. ಬಟ್ಟಿ ಸುತ್ತಿದ ಬೆರಳಿನ ಮ್ಯಾಲ ಮತ್ತ ಬಟ್ಟಿ. ಹಡಗಿನ ತಳಕ್ಕ ಪಕ್ಕೆಲುಬಿನಂಗ ಕೂಡಸೋ ಎಲಬು ಇನ್ನಾ ಒಂದೂ ಆಗಿರ್ಲಿಲ್ಲ, ಬುಟ್ಟಿ ತುಂಬ ಕೆಟ್ಟ ತುಂಡು ಬಿದ್ದಿದ್ವು.

ಆ ವರ್ಷ ಎಳ್ಳಮಾಸಿಗೆ ಭಂಕೂರದವರು ಎಲ್ಲಾರನೂ ತಮ್ಮ ಹೊಲಕ್ಕ ಕರದಿದ್ರು. ಬೆಳಿಗೆ ನೈವೇದ್ಯ ಅಂತ ಚರಗ ಚೆಲ್ಲಿ, ಭಜ್ಜಿ, ಸಜ್ಜಿ ರೊಟ್ಟಿ, ಕಡಬು ಎಲ್ಲಾ ಉಂಡ್ವಿ. ಅವರು ಜಲ್ದಿ ಬಿತ್ತಿದ್ರು, ಜ್ವಾಳ ಆಗಲೇ ಹಾಲು ತುಂಬಿತ್ತು. ಹಸೀ ತೆನಿ ಕೆಂಡದಾಗ ಸುಟ್ಟು ಬಡದು ಸೀತನಿ ತಿಂದ್ವಿ. ತೆನಿ ಮುರದ ದಂಟು ಒಂದಿಷ್ಟು ಬದುವಿಗೆ ಬಿದ್ದಿದ್ವು. ಭಂಕೂರದವರು ಒಂದು ದಂಟು ಎತ್ತಿ ಸಿಪ್ಪಿ ಸುಲದು ಬೆಂಡಿಗೆ ಉಗುರು ಒತ್ತಿ ತೋರ್ಸಿದ್ರು.

"ಅಣ್ಣಾ, ನೋಡ್ರಿ ಇದು. ಎಷ್ಟು ಮೆತ್ತಗ ಅದ. ನಿಮ್ಮ ಕೈಗೆ ತ್ರಾಸೇ ಇಲ್ಲ."

ಇವರು ಹಿಡದು ನೋಡಿದ್ರು. ಬೆಂಡು ಬೆಳ್ಳಗ, ದಪ್ಪ, ನೆಟ್ಟಗ ಇತ್ತು. ನಾ ಅಂದೆ, "ಹಸೀದಲ್ಲೇನ್ರಿ? ತುಂಬ ಸಕ್ಕರಿ ಇರ್ತದಲ್ಲ ಇದರಾಗ."

"ನೆರಳಾಗ ಒಣಗಸಿದ್ರ ಆಯ್ತು ವೈನಿ" ಅಂದ್ರು ಭಂಕೂರದವರು. "ಮ್ಯಾಲ ವಾರ್ನಿಸ್ ಹೊಡಿತಾರಲ್ಲ, ಏನಾಗ್ತದ?"

ಸಕ್ಕರಿಗೆ ಹುಳ ಬರ್ತಾವ ಅಂತ ನಮ್ಮನಿಯವರಿಗೆ ಗೊತ್ತಿರ್ಲಿಲ್ಲ ಅಂತ ಅಲ್ಲ. ಹೊಲದಾಗ ಹುಟ್ಟಿ ಬೆಳದವರು. ಆದ್ರೂ ಕೈಯಾಗಿನ ದಂಟು ಕೆಳಗ ಇಡ್ಲಿಲ್ಲ. ಸಂಜಿಗೆ ಆಟೋದಾಗ ಒಂದು ಸೂಡು ದಂಟು ನಮ್ಮ ಕಾಲಾಗ ಇತ್ತು.

ಆಮ್ಯಾಲ ಕೆಲಸ ಓಡ್ತು. ಭಂಕೂರದವರು ಪಾಲಿಶ್ ಮಾಡಿದ ಎರಡು ಸಣ್ಣ ಕಲ್ಲು ತಂದುಕೊಟ್ಟಿದ್ರು, ಅವುಗಳ ನಡುವ ಮುಂಗೈ ಸಿಗಸಿಕೊಂಡು ಇವರು ಕೊಯ್ತಿದ್ರು. ನಡುಕ ಬಂದ್ರ ಬ್ಲೇಡು ಎತ್ತಿ ಹಿಡಿಯೋದು, ಹೋದ್ರ ಒಂದು ಗೀಟು ಕೊಯ್ಯೋದು. ಮೆತ್ತನ ಬೆಂಡು, ಹೇಳಿದ ಮಾತು ಕೇಳ್ತಿತ್ತು. ಎಲಬು ಆದ್ವು, ಅದರ ಮ್ಯಾಲ ಸಿಪ್ಪಿ ಸೀಳಿ ಹಲಗಿ ಹಚ್ಚಿದಂಗ ಹಚ್ಚಿದ್ರು. ಮೊಳಿ ಬದ್ಲಿ ಜಾಲಿ ಮುಳ್ಳಿನ ತುದಿ. ಹಗ್ಗಕ್ಕ ನನ್ನ ಹಳೀ ಸೀರಿ ಅಂಚಿನ ನೂಲು ಬಿಚ್ಚಿ ಹೊಸದ್ರು. ಸೂಜ್ಯಾಗ ನೂಲು ಪೋಣಿಸೋದು ಅವರಿಂದ ಆಗ್ತಿರ್ಲಿಲ್ಲ, ನಾ ಪೋಣಿಸಿ ಕೊಡ್ತಿದ್ದೆ. ನನಗ ಚಸ್ಮಾ ಅದ, ಕೈ ನೆಟ್ಟಗ ಅದ. ಟೇಲರ್ ಹಾಯಿ ಹೊಲದು ಬಸ್ಸಿನ ಕಂಡಕ್ಟರ್ ಕೈಯಾಗ ಕಳಿಸಿದ. ವಾರ್ನಿಸ್ ಹೊಡದ ಮ್ಯಾಲ ಹಡಗು ಕಪಾಟಿನ ಮ್ಯಾಲ ಕುಂತಿತು. ಸೊಸಿ ಬಂದವರಿಗೆಲ್ಲ ತೋರ್ಸಿದ್ಲು. ಮಗ ಸಿಮೆಂಟ್ ಫ್ಯಾಕ್ಟರಿ ಡ್ಯೂಟಿಯಿಂದ ಬಂದವ, ಬೂಟು ಬಿಚ್ಚೋದು ಬಿಟ್ಟು ನೋಡ್ಕೋತ ನಿಂತ. ಛಲೋ ಆಗೇದ ಅಂತ ಬಾಯಿಬಿಟ್ಟು ಅನ್ನೋ ರೂಢಿ ನಮ್ಮ ಮನ್ಯಾಗ ಇಲ್ಲ.

ದಸರಾ ಆದ ಮ್ಯಾಲ ದಿನಾ ಮುಂಜಾನಿ ಹಡಗಿನ ಬುಡಕ ಸಣ್ಣ ಪುಡಿ ಬಿದ್ದಿರ್ತಿತ್ತು. ನಾ ಒರಸ್ತಿದ್ದೆ. ವಾಡ್ಯಾಗ ಪುಡಿ ಬಿದ್ರ ಯಾರು ಯಾಕಂತ ಕೇಳ್ತಾರ? ನಮ್ಮೂರಾಗ ರಾತ್ರಿ ಒಗದು ಹಾಕಿದ ಚಾದರ ಮುಂಜಾನಿ ಬೂದಿ ಬಣ್ಣ ಆಗಿರ್ತದ. ಟೀವಿ ಮ್ಯಾಲಿಂದು ಒರಸ್ತೀವಿ, ದೇವರ ಮ್ಯಾಲಿಂದು ಒರಸ್ತೀವಿ, ಹಡಗಿನ ಬುಡಕಿಂದೂ ಒರಸಿದೆ. ಸಿಮೆಂಟಿನ ಧೂಳು ಬೂದಿ ಬಣ್ಣ ಇರ್ತದ. ಇದು ಹಳದಿ ಇತ್ತು, ತೌಡಿನಂಗ. ಆವಾಗ ನಾ ಬಣ್ಣ ನೋಡ್ಲಿಲ್ಲ.

ದೀಪಾವಳಿ ಆದ ಮ್ಯಾಲಿನ ಅಮಾಸಿಗೆ ಶಹಾಬಾದದಾಗ ಒಂದು ಮಂಗಲ ಕಾರ್ಯಾಲಯ ಹಿಡದು, ಎಲ್ಲಾರೂ ತಮ್ಮ ತಮ್ಮ ಹಡಗು, ಗಿರಣಿ ಇಟ್ಟು ಮಂದಿಗೆ ತೋರ್ಸೋದು ಅಂತ ಮಾಡಿದ್ರು. ಸೇಡಮ್ಮಿನಿಂದಲೂ ಇಬ್ಬರು ಬರ್ತಾರ ಅಂದ್ರು. ನಡುವಿನ ಟೇಬಲ್ ನಮ್ಮನಿಯವರಿಗೆ. ಅದು ಕಡೀ ಹಡಗು ಅಂತ ಎಲ್ಲಾರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಟ್ಟು ಹೇಳ್ತಿರ್ಲಿಲ್ಲ ಅಷ್ಟ. ಟೀವಿ ಬಂದ ಡಬ್ಬ್ಯಾಗ ನನ್ನ ಕಾಟನ್ ಸೀರಿ ಹಾಸಿ ಹಡಗು ಇಟ್ವಿ. ಆಟೋದವನಿಗೆ ದಾರಿ ತುಂಬ ಹೇಳೇ ಹೇಳಿದೆ, "ಸಾವಕಾಶ ಹೊಡಿಯೋ ತಮ್ಮ, ತಗ್ಗು ನೋಡು." ಆ ರೋಡಿನ್ಯಾಗ ತಗ್ಗು ಬಿಟ್ಟು ಹೊಡಿಬೇಕಂದ್ರ ಹಾರೇ ಹೋಗಬೇಕು. ಆದ್ರೂ ಹಡಗಿಗೆ ದಾರ್ಯಾಗ ಏನೂ ಆಗ್ಲಿಲ್ಲ. ಡಬ್ಬಿ ತೆರದಾಗ ಬರೋಬರಿ ಇತ್ತು. ಮಂದಿ ಸುತ್ತ ನಿಂತಿದ್ರು.

ಭಂಕೂರದವರು ಅಂದ್ರು, "ಅಣ್ಣಾ, ನಾ ಎತ್ತತೀನಿ ಬಿಡ್ರಿ."

"ಬ್ಯಾಡ. ನಾನೇ."

ಮಾಸ್ತರ್ರು ಅಂದ್ರು, "ಎಲ್ಲಾರೂ ಒಂದೊಂದು ಕೈ ಹಚ್ಚೋಣು. ಹಡಗು ನೀರಿಗೆ ಇಳಸೋದು ಅಂದ್ರ ಹಂಗೇ ಅಲ್ಲೇನು?"

"ನಾನೇ ಅಂದ್ನಲ್ಲ."

ಎರಡೂ ಕೈ ಬುಡಕ ಹಾಕಿ ಎತ್ತಿದ್ರು. ಕೈ ನಡಗ್ತಿತ್ತು, ಸುಳ್ಳು ಯಾಕ ಹೇಳ್ಲಿ. ದಿನಾ ನಡಗ್ತದ, ಅವತ್ತೂ ನಡಗ್ತು. ಹಡಗು ಡಬ್ಬಿಯಿಂದ ಪೂರಾ ಮ್ಯಾಲ ಬಂತು. ಟೇಬಲ್ ಇನ್ನೊಂದು ಗೇಣು ಇತ್ತು. ಅಷ್ಟರಾಗ ಹಡಗು ನಡುವಿಗೆ ಮಡಚ್ತು. ಕೈಯಿಂದ ಜಾರ್ಲಿಲ್ಲ, ಕೈಯಾಗೇ ಮಡಚ್ತು. ಹಪ್ಪಳ ಮುರದಂಗ ಸಪ್ಪಳ ಬಂತು. ಕಂಬ ಮೂರೂ ಒಂದ್ಕೊಂದು ಹಾಯ್ದು ಹಾಯಿ ಕೆಳಗ ಬಿದ್ವು. ಸಿಪ್ಪಿ ಅಷ್ಟ ಅವರ ಬೆರಳಾಗ ಉಳದಿತ್ತು, ಮ್ಯಾಲ ವಾರ್ನಿಸ್ ಮಿಂಚ್ತಿತ್ತು. ಒಳಗಿಂದ ಪುಡಿ ಸುರದು ಫರ್ಸಿ ಮ್ಯಾಲ ಗುಡ್ಡಿ ಬಿತ್ತು.

ಹಿಂದ ನಿಂತ ಒಬ್ಬಕ್ಕಿ "ಅಯ್ಯ ಶಿವನೇ" ಅಂದ್ಲು.

ನಮ್ಮನಿಯವರು ಅಂದ್ರು, "ಕೈ ಬಿಡ್ತು."

ಭಂಕೂರದವರ ಮೋತಿ ಸಣ್ಣಾಗಿತ್ತು. ಬಗ್ಗಿ ಒಂದು ತುಂಡು ಎತ್ಲಿಕ್ಕೆ ಹೋದ್ರು. "ಅಣ್ಣಾ, ದಂಟು ಏನಾರ ಕೆಟ್ಟಿತ್ತೇನ್ರಿ? ನಾ ಹಸೀದು ಕೊಟ್ಟಿದ್ದೆ..."

"ದಂಟಿಗೇನಾಗೇದ? ನನ್ನ ಕೈ ನಿನಗ ಕಾಣಂಗಿಲ್ಲೇನು?" ಅಂತ ಇವರು ಕೈ ಮುಂದ ಚಾಚಿ ತೋರ್ಸಿದ್ರು. ಬೆರಳು ಕುಣಿತಿದ್ವು. ಎಲ್ಲಾರೂ ಆ ಕೈ ನೋಡಿದ್ರು. ಆಮ್ಯಾಲ ಕೆಳಗಿನ ಪುಡಿ ಯಾರೂ ನೋಡ್ಲಿಲ್ಲ.

ನಾ ನೋಡಿದೆ. ಮೂಲ್ಯಾಗಿನ ಕಸಬರಗಿ ತಂದು ಬಳದೆ. ಪುಡ್ಯಾಗ ಎಳ್ಳಿನಕಿಂತ ಸಣ್ಣ ಕಂದು ಹುಳ ನಡದಿದ್ವು. ಜ್ವಾಳದ ಡಬ್ಬ್ಯಾಗ ಹಿಂತಾವು ನೋಡಿದಾಕಿ ನಾನು, ಗುರ್ತು ಹಿಡಿಲಿಕ್ಕೆ ಚಸ್ಮಾ ಬೇಕಾಗ್ಲಿಲ್ಲ. ಎಲಬು ಒಂದೂ ಉಳದಿರ್ಲಿಲ್ಲ. ಬೆಂಡು ಇರಬೇಕಾದಲ್ಲಿ ಎಲ್ಲಾ ಪೊಳ್ಳು. ಎಂದಿನಿಂದ ಆ ಹಡಗು ಬರೇ ಸಿಪ್ಪಿ ಮ್ಯಾಲ ನಿಂತಿತ್ತೋ. ಎಲ್ಲಾ ಬಳದು ಅದೇ ಡಬ್ಬ್ಯಾಗ ಹಾಕಿ ಮುಚ್ಚಳ ಹಾಕಿದೆ. ನನಗ ಅಳು ಬರ್ಲಿಲ್ಲ. ಏನೂ ಬರ್ಲಿಲ್ಲ. ಕೈ ತೊಳ್ಕೊಂಡು ಬಂದು ಖುರ್ಚಿ ಮ್ಯಾಲ ಕುಂತೆ, ಫ್ಯಾನು ತಿರಗೋದು ನೋಡ್ಕೋತ.

ನಡುವಿನ ಟೇಬಲ್ ಖಾಲಿ ಇಡಬಾರದು ಅಂತ ಮಾಸ್ತರ್ರು ತಮ್ಮ ದೊಡ್ಡ ಗಿರಣಿ ತಂದು ಅಲ್ಲಿ ಇಟ್ರು. ಇಟ್ಟು ಒಂದು ಸಲ ನಮ್ಮನಿಯವರ ಕಡಿ ನೋಡಿದ್ರು. ಇವರು ಇಡ್ರಿ ಅಂತ ಗೋಣು ಹಾಕಿದ್ರು. ಸಾಲಿ ಹುಡುಗರು ಬಂದು ನೋಡಿದ್ರು, ರೆಕ್ಕಿ ತಿರಗಿಸಿದ್ರು. ಮಧ್ಯಾಹ್ನ ಊಟ ಇತ್ತು, ಅನ್ನ, ಸಾರು, ಶೇಂಗಾ ಹೋಳಗಿ. ಇವರು ಉಂಡ್ರು. ಸಾರು ಅಂಗಿ ಮ್ಯಾಲ ಬಿತ್ತು. ಅಲ್ಲಿದ್ದ ಮಂದಿ ಅದನ್ನೂ ನೋಡಿದ್ರು, ನೋಡಿ ತಲಿ ಅಲ್ಲಾಡಿಸಿದ್ರು. ಕೈದೇ ತಪ್ಪು ಅಂತ ಅಲ್ಲಿಗೆ ಪಕ್ಕಾ ಆಯ್ತು.

ಸಂಜಿಗೆ ಆಟೋದಾಗ ಬರಬೇಕಾದ್ರ ಡಬ್ಬಿ ನನ್ನ ತೊಡಿ ಮ್ಯಾಲ ಇತ್ತು. ಈಗ ಭಾರ ಇರ್ಲಿಲ್ಲ. ನಾ ಅಂದೆ:

"ಹುಳ ಹತ್ತಿದ್ವು."

"ಗೊತ್ತು."

"ಎಂದಿನಿಂದ?"

"ದಸರಾ ಆದ ಮ್ಯಾಲ. ಪುಡಿ ಬೀಳ್ತಿತ್ತಲ್ಲ. ನೀ ದಿನಾ ಒರಸ್ತಿದ್ದಿ. ನಿನಗೂ ಗೊತ್ತದ ಅಂದ್ಕೊಂಡಿದ್ದೆ."

"ನಾ ಸಿಮೆಂಟ್ ಅಂದ್ಕೊಂಡಿದ್ದೆ."

"ಹೂಂ."

ತೊಡಿ ಮ್ಯಾಲಿನ ಡಬ್ಬಿ ನೆಟ್ಟಗ ಮಾಡ್ಕೊಂಡು ಕೇಳಿದೆ. "ಗೊತ್ತಿದ್ದೂ ಯಾಕ ಒಯ್ದ್ರಿ? ಮಂದಿ ಮುಂದ ಯಾಕ ಎತ್ತಿದ್ರಿ?"

"ಒಂದಿನ ನಿಂದರ್ತದ ಅಂದ್ಕೊಂಡೆ. ಒಂದೇ ದಿನ ಸಾಕಿತ್ತು."

"ಕೈ ಅಂತ ಯಾಕ ಹೇಳಿದ್ರಿ? ನಿಮ್ಮ ಕೈ ಬಿಟ್ಟಿಲ್ಲ. ನಾ ನೋಡೀನಿ."

ಅವರು ಹೊರಗ ಕಲ್ಲಿನ ಗಣಿ ಕಡಿ ನೋಡ್ಕೋತ ಹೇಳಿದ್ರು. "ಹುಳ ಅಂದ್ರ ಭಂಕೂರದಂವ, ದಂಟು ಕೊಟ್ಟಿದ್ದು ನಾನು ಅಂತ ಸಾಯೋ ತನಕ ಹೊತ್ಕೊಂಡು ತಿರಗ್ತಾನ. ನನ್ನ ಸಲುವಾಗೇ ಕೊಟ್ಟಿದ್ದ. ಮತ್ತ ಹುಳ ಅಂದ್ರ ಎಲ್ಲಾರೂ ಕೂಡಿ ಇನ್ನೊಂದು ಮಾಡ್ರಿ ಅಂತಾರ, ಹಳೀ ಕಣಿಕಿ ತಂದು ಮನ್ಯಾಗ ಒಟ್ತಾರ. ಆಗಂಗಿಲ್ಲ ಅಂತ ಎಷ್ಟು ಮಂದಿಗೆ ಹೇಳ್ಲಿ? ಕೈ ಅಂದ್ರ ಮುಗೀತು. ಯಾರೂ ಏನೂ ಕೇಳಂಗಿಲ್ಲ."

ಮನಿ ಬಂತು, ಇಳದ್ವಿ. ಸೊಸಿ ಡಬ್ಬಿ ತೆರಿಲಿಕ್ಕೆ ಬಂದ್ಲು, ಬ್ಯಾಡ ಅಂದೆ. ಅಂಗಿಗೆ ಬಿದ್ದ ಸಾರಿನ ಕಲಿ ಹೋಗ್ಲಿ ಅಂತ ಸಬಕಾರದಾಗ ನೆನಿ ಇಟ್ಟೆ. ಮಲಗಿದ್ವಿ.

ಭಂಕೂರದವರು ಇದನ್ನ ಓದಬಹುದು. ಓದ್ಲಿ. ಅವರ ಮ್ಯಾಲ ನನಗ ಸಿಟ್ಟಿಲ್ಲ. ಅವರು ಕೊಟ್ರು, ಇವರು ಗೊತ್ತಿದ್ದೂ ತೊಗೊಂಡ್ರು, ಹುಳ ತಿಂದ್ವು. ಆದ್ರ ಕೈ ಬಿಡ್ತು ಅಂತ ಮಂದಿ ಅನ್ನೋದು ಕೇಳಿ ಕೇಳಿ ನನಗ ಸಾಕಾಗೇದ. ಆ ಕೈ ಅವತ್ತ ಬಿಟ್ಟಿಲ್ಲ. ನಡುಗಿತು, ಹಿಡಕೊಂಡೇ ಇತ್ತು.

ಮರುದಿನ ಮುಂಜಾನಿ ಎದ್ದಕಿನೇ, ಕಪಾಟಿನ ಹಿಂದ ಉಳದಿದ್ದ ಸೀತನಿ ದಂಟಿನ ಸೂಡು, ಟೀವಿ ಡಬ್ಬ್ಯಾಗಿನ ಪುಡಿ, ಸಿಪ್ಪಿ ಎಲ್ಲಾ ಬಚ್ಚಲ ಒಲಿಗೆ ಹಾಕಿ ಹಚ್ಚಿದೆ. ಹಾಯಿ ಅಷ್ಟ ಬಿಡಿಸಿ ಇಟ್ಕೊಂಡೆ, ಟೇಲರ್ ಹೊಲಿಗಿ ಛಲೋ ಇತ್ತು. ಆ ಉರಿಗೆ ಕಾದ ನೀರಿಲೇ ಇವರ ಸ್ನಾನ ಆಯ್ತು. ಅಂಗಿ ಗುಂಡಿ ನಾ ಹಾಕಿದೆ. ಆಮ್ಯಾಲ ಕಪಾಟಿನ್ಯಾಗಿದ್ದ ಹಳೀ ಹಡಗು, ಬಂಡಿ, ಆ ಪುಟ್ಟ ಗಿರಣಿ ಎಲ್ಲಾ ಬುಟ್ಟ್ಯಾಗ ಇಟ್ಕೊಂಡು ಮಾಳಗಿ ಏರಿದೆ. ಅವು ಹಳೀ ಕಣಿಕಿವು, ಆದ್ರೂ ಒಂದರಿಂದ ಒಂದಕ್ಕ ಹತ್ತಬಾರದಲ್ಲ. ಜ್ವಾಳಕ್ಕ ಹುಳ ಬಿದ್ರ ಬಿಸಲಿಗೆ ಹಾಕ್ತೀವಿ, ಹಂಗ ಹಳೀ ಚಾದರ ಹಾಸಿ ಸಾಲಾಗಿ ಇಟ್ಟೆ. ಕಾಗಿ ಬಂದ್ರ ಓಡಿಸ್ಲಿಕ್ಕೆ ಕೋಲು ಇಟ್ಕೊಂಡು ನೀರಿನ ಟಾಕಿ ನೆರಳಿಗೆ ಕುಂತೆ. ಗಾಳಿ ಎದ್ದಿತು. ಗಿರಣಿ ರೆಕ್ಕಿ ತಿರಗ್ಲಿಕತ್ತು, ತಿರಗೋದರ ಜೋರಿಗೆ ಗಿರಣಿ ಚಾದರದ ಮ್ಯಾಲ ಸರಕೋತ ಅಂಚಿಗೆ ಹೊಂಟಿತ್ತು. ಹಾರಿ ಕೆಳಗ ಬಿದ್ದೀತು ಅಂತ, ಸೆರಗಿನ ಅಂಚಿಂದ ಒಂದು ನೂಲು ಹರಕೊಂಡು ರೆಕ್ಕಿ ಕಟ್ಟಿಹಾಕಿದೆ.